ಟಿಕೆಟ್ಟಿನ ಮೇಲಿನ ಆ ಒಂದು ಅಕ್ಷರ: ಮೈಲ್ಸ್ ಮತ್ತು ಬಿಸಿನೆಸ್ ಕ್ಲಾಸ್ ಕುರಿತು ಓದುಗರ ಪ್ರಶ್ನೆಗಳು

ದೂರದೇಶಗಳಿಗೆ ಹೋಗುವ ವಿಮಾನಗಳಲ್ಲಿ ಕೂಡಿಟ್ಟ ಮೈಲ್ಸ್ (ವಿಮಾನಯಾನ ಸಂಸ್ಥೆಗಳು ತಮ್ಮ ಪ್ರಯಾಣಿಕರ ಖಾತೆಗೆ ಕೊಡುವ ಪಾಯಿಂಟ್‌ಗಳು) ಬಳಸಿ ಎಕಾನಮಿಯಿಂದ ಬಿಸಿನೆಸ್ ಕ್ಲಾಸಿಗೆ ಏರುವುದು ಹೇಗೆ ಎಂದು ಕೇಳಿ ಈ ಬಾರಿ ಹಲವು ಓದುಗರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲ ಪ್ರಶ್ನೆಯ ಉತ್ತರ ದೀರ್ಘವಾಗಿದೆ, ಏಕೆಂದರೆ ಉಳಿದ ಉತ್ತರಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದನ್ನೇ ಆಧರಿಸಿವೆ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಮಗ ಲಂಡನ್ನಿನಲ್ಲಿದ್ದಾನೆ. ಆರು ವರ್ಷಗಳಲ್ಲಿ ನಾಲ್ಕು ಬಾರಿ ಒಂದೇ ಸಂಸ್ಥೆಯ ವಿಮಾನದಲ್ಲಿ ಹೋಗಿಬಂದು, ಕ್ರೆಡಿಟ್ ಕಾರ್ಡಿನ ಪಾಯಿಂಟ್‌ಗಳನ್ನೂ ಅದಕ್ಕೇ ಸೇರಿಸಿ, ಸಾಕಷ್ಟು ಮೈಲ್ಸ್ ಕೂಡಿಸಿದ್ದೆ. ಈ ಸಲ ಕಡಿಮೆ ದರದ ಟಿಕೆಟ್ ಕೊಂಡು, ಬಿಸಿನೆಸ್ ಕ್ಲಾಸಿಗೆ ಬದಲಿಸಿಕೊಡಿ ಎಂದು ಕೇಳಿದಾಗ ಈ ಟಿಕೆಟ್ಟಿಗೆ ಆ ಸೌಲಭ್ಯವಿಲ್ಲ ಎಂದುಬಿಟ್ಟರು. ಮುಂದಿನ ಕ್ಯಾಬಿನ್ನಿನಲ್ಲಿ ಸೀಟುಗಳು ಖಾಲಿ ಇದ್ದುದನ್ನು ನಾನೇ ನೋಡಿದ್ದೇನೆ. ಇದು ಅನ್ಯಾಯವಲ್ಲವೇ? (ಓದುಗರು, ಮೈಸೂರು)

ಉತ್ತರ: ನಿಮಗಾದ ನಿರಾಸೆ ನನಗೆ ಅರ್ಥವಾಗುತ್ತದೆ. ಮೈಲ್ಸ್ ಇದ್ದೂ, ಸೀಟು ಇದ್ದೂ, ಸಿಗಲಿಲ್ಲವೆಂದರೆ ಯಾರಿಗಾದರೂ ಮೋಸವೆಂದೇ ತೋರುತ್ತದೆ. ಆದರೆ ನಿಮ್ಮ ಪ್ರಕರಣದಲ್ಲಿ ಸಂಸ್ಥೆ ನಿಯಮ ಮೀರಿದಂತೆ ಕಾಣುವುದಿಲ್ಲ. ಆ ನಿಯಮವನ್ನು ಟಿಕೆಟ್ ಮಾರುವಾಗಲೇ ಎದ್ದು ಕಾಣುವಂತೆ ಹೇಳದಿರುವುದು ಮಾತ್ರ ಖಂಡಿತವಾಗಿಯೂ ತಪ್ಪು.

ವಿಮಾನದ ಎಕಾನಮಿ ಕ್ಯಾಬಿನ್ನಿನಲ್ಲಿ ಕುಳಿತವರೆಲ್ಲ ಒಂದೇ ಬಗೆಯ ಟಿಕೆಟ್ ಕೊಂಡವರಲ್ಲ. ಸೀಟು ಒಂದೇ, ಊಟ ಒಂದೇ, ಆದರೆ ಪ್ರತಿಯೊಂದು ಟಿಕೆಟ್ಟಿನ ಹಿಂದೆಯೂ ಇಂಗ್ಲಿಷಿನ ಒಂದು ಅಕ್ಷರ ಇರುತ್ತದೆ. ಅದಕ್ಕೆ ಬುಕಿಂಗ್ ಕ್ಲಾಸ್ ಎಂದು ಹೆಸರು. ಪೂರ್ಣ ದರದ ಎಕಾನಮಿ ಟಿಕೆಟ್ಟಿಗೆ ಸಾಮಾನ್ಯವಾಗಿ ‘ವೈ’ ಎಂಬ ಅಕ್ಷರವಿರುತ್ತದೆ. ದರ ಇಳಿಯುತ್ತ ಹೋದಂತೆ ಅಕ್ಷರ ಬದಲಾಗುತ್ತದೆ, ಅಕ್ಷರದೊಂದಿಗೆ ಟಿಕೆಟ್ಟಿನ ಹಕ್ಕುಗಳೂ ಬದಲಾಗುತ್ತವೆ. ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಬರುತ್ತದೆ, ದಿನಾಂಕ ಬದಲಿಸಬಹುದೇ, ಮೈಲ್ಸ್ ಕೊಟ್ಟು ಮೇಲಿನ ಕ್ಲಾಸಿಗೆ ಹೋಗಬಹುದೇ ಎಂಬುದನ್ನೆಲ್ಲ ಆ ಅಕ್ಷರವೇ ನಿರ್ಧರಿಸುತ್ತದೆ. ನಮ್ಮ ರೈಲುಗಳಲ್ಲಿ ಒಂದೇ ಬೋಗಿಯ ಬರ್ತ್‌ಗಳು ಸಾಮಾನ್ಯ ಕೋಟಾ, ತತ್ಕಾಲ್, ಮಹಿಳಾ ಕೋಟಾ ಎಂದು ಹಂಚಿಹೋಗಿರುವುದನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ.

ಲಂಡನ್ ದಾರಿಯಲ್ಲೇ ಒಂದು ಉದಾಹರಣೆ ನೋಡೋಣ. ಬ್ರಿಟಿಷ್ ಏರ್‌ವೇಸ್‌ನಲ್ಲಿ ‘ಕ್ಯೂ’, ‘ಓ’, ‘ಜಿ’ ಎಂಬ ಮೂರು ಅಕ್ಷರಗಳ ಎಕಾನಮಿ ಟಿಕೆಟ್ಟುಗಳನ್ನು ಆ ಸಂಸ್ಥೆಯ ಮೈಲ್ಸ್ ಆದ ಏವಿಯೋಸ್ ಪಾಯಿಂಟ್‌ಗಳಿಂದ ಅಪ್‌ಗ್ರೇಡ್ ಮಾಡಲು (ಮೇಲಿನ ಕ್ಲಾಸಿಗೆ ಏರಿಸಲು) ಬರುವುದಿಲ್ಲ. ಅಗ್ಗದ ಟಿಕೆಟ್ ಹುಡುಕುವವರಿಗೆ ಸಿಗುವುದು ಬಹುಪಾಲು ಇಂಥ ಅಕ್ಷರಗಳೇ. ಅಲ್ಲಿ ಇನ್ನೊಂದು ಕಟ್ಟುಪಾಡೂ ಇದೆ. ಪಾಯಿಂಟ್‌ಗಳಿಂದ ಒಂದು ಮೆಟ್ಟಿಲು ಮಾತ್ರ ಏರಬಹುದು. ಆ ವಿಮಾನದಲ್ಲಿ ಎಕಾನಮಿಗೂ ಬಿಸಿನೆಸ್ ಕ್ಲಾಸಿಗೂ ನಡುವಿನ ಪ್ರೀಮಿಯಂ ಎಕಾನಮಿ ಇದ್ದರೆ ಎಕಾನಮಿಯವರು ಅಲ್ಲಿಯವರೆಗೆ ಹೋಗಬಹುದೇ ಹೊರತು ನೇರವಾಗಿ ಬಿಸಿನೆಸ್ ಕ್ಲಾಸಿಗೆ ಹೋಗಲಾಗದು. ಆದ್ದರಿಂದ ಬಿಸಿನೆಸ್ ಕ್ಲಾಸಿನ ಹಾಸಿಗೆಯೇ ಗುರಿಯಾಗಿರುವವರು ಪ್ರೀಮಿಯಂ ಎಕಾನಮಿ ಟಿಕೆಟ್ ಕೊಂಡು ಅಲ್ಲಿಂದ ಏರುವ ಲೆಕ್ಕ ಹಾಕಬೇಕಾಗುತ್ತದೆ. ಸಿಂಗಪುರ್ ಏರ್‌ಲೈನ್ಸ್‌ನಲ್ಲಿಯೂ ‘ಲೈಟ್’ ಎಂಬ ಅತಿ ಅಗ್ಗದ ಎಕಾನಮಿ ಟಿಕೆಟ್ಟಿಗೆ ಮೈಲ್ಸ್ ಅಪ್‌ಗ್ರೇಡ್ ಇಲ್ಲ.

ಇನ್ನು ಖಾಲಿ ಸೀಟಿನ ವಿಷಯ. ಹಣಕ್ಕೆ ಮಾರುವ ಸೀಟುಗಳು ಬೇರೆ, ಮೈಲ್ಸಿಗೆ ಬಿಟ್ಟುಕೊಡುವ ಸೀಟುಗಳು ಬೇರೆ. ಸೀಟಿನ ನಕ್ಷೆಯಲ್ಲಿ ಹತ್ತು ಸೀಟು ಖಾಲಿ ಕಂಡರೂ, ಕೊನೆಯ ವಾರದಲ್ಲಿ ಯಾವುದೋ ಕಂಪನಿ ತನ್ನ ಅಧಿಕಾರಿಗಳಿಗಾಗಿ ಪೂರ್ಣ ದರ ಕೊಟ್ಟು ಕೊಳ್ಳಬಹುದೆಂಬ ನಿರೀಕ್ಷೆಯಿಂದ ಸಂಸ್ಥೆ ಅವುಗಳಲ್ಲಿ ಒಂದನ್ನೂ ಮೈಲ್ಸಿಗೆ ಬಿಡದಿರಬಹುದು. ಹಾಗಾಗಿ ಟಿಕೆಟ್ಟಿನ ಅಕ್ಷರ ಅನುಮತಿಸಬೇಕು, ಮೈಲ್ಸಿಗೆಂದು ಬಿಟ್ಟ ಸೀಟು ಆ ದಿನ ಇರಬೇಕು, ನಿಮ್ಮ ಖಾತೆಯಲ್ಲಿ ಮೈಲ್ಸ್ ಇರಬೇಕು. ನಾವು ವರ್ಷಗಟ್ಟಲೆ ಮೂರನೆಯದನ್ನೇ ಕೂಡಿಸುತ್ತ ಕುಳಿತು ಮೊದಲ ಎರಡನ್ನು ಕೇಳುವುದನ್ನೇ ಮರೆಯುತ್ತೇವೆ.

ಮುಂದಿನ ಬಾರಿ ಹಣ ಕಟ್ಟುವ ಮೊದಲೇ ದರದ ನಿಯಮಗಳ ಪುಟವನ್ನು ತೆರೆದು ಬುಕಿಂಗ್ ಕ್ಲಾಸಿನ ಅಕ್ಷರವನ್ನು ಗುರುತು ಹಾಕಿಕೊಳ್ಳಿ. ಟ್ರಾವೆಲ್ ಏಜೆಂಟರ ಮೂಲಕ ಕೊಳ್ಳುವುದಾದರೆ, ಈ ಟಿಕೆಟ್ಟಿನ ಅಕ್ಷರ ಯಾವುದು, ಮೈಲ್ಸ್ ಅಪ್‌ಗ್ರೇಡ್ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಈಗ ಕೈಯಲ್ಲಿರುವ ಟಿಕೆಟ್ಟಿನ ಮಟ್ಟಿಗೆ ನಿಮಗೆ ಉಳಿದಿರುವ ದಾರಿಗಳು ಎರಡು. ಬದಲಾವಣೆಗೆ ಅವಕಾಶವಿರುವ ಟಿಕೆಟ್ಟಾದರೆ, ವ್ಯತ್ಯಾಸದ ಹಣ ಕಟ್ಟಿ ಅಪ್‌ಗ್ರೇಡಿಗೆ ಅರ್ಹವಾದ ದರಕ್ಕೆ ಬದಲಿಸಿಕೊಳ್ಳಬಹುದು. ಆ ವ್ಯತ್ಯಾಸ ಕೆಲವೊಮ್ಮೆ ಹೊಸ ಟಿಕೆಟ್ಟಿನಷ್ಟೇ ಆಗುವುದುಂಟು. ಅದಿಲ್ಲವಾದರೆ, ಪ್ರಯಾಣದ ದಿನ ಹತ್ತಿರ ಬಂದಾಗ ಹಲವು ಸಂಸ್ಥೆಗಳು ಇಮೇಲ್ ಮೂಲಕ ಹಣದ ಅಪ್‌ಗ್ರೇಡನ್ನು ಮುಂದಿಡುತ್ತವೆ ಅಥವಾ ಇಷ್ಟು ಕೊಡುತ್ತೇನೆಂದು ಬಿಡ್ ಮಾಡಲು ಕರೆಯುತ್ತವೆ. ಹಾಗೆ ಬಿಡ್ ಮಾಡುವಾಗ ತೋರಿಸುವ ಮೊತ್ತ ಒಬ್ಬರಿಗೋ ಇಬ್ಬರಿಗೋ, ಒಂದು ಹಾರಾಟಕ್ಕೋ ಇಡೀ ಪ್ರಯಾಣಕ್ಕೋ ಎಂಬುದನ್ನು ಎರಡು ಸಲ ಓದಿ ನೋಡಿ.

ಪ್ರಶ್ನೆ: ಎಕಾನಮಿ ಟಿಕೆಟ್ ಕೊಂಡು ಮೈಲ್ಸಿನಿಂದ ಅಪ್‌ಗ್ರೇಡ್ ಮಾಡಿಸುವುದು ಲಾಭವೋ, ಮೈಲ್ಸಿನಿಂದಲೇ ಪೂರ್ತಿ ಬಿಸಿನೆಸ್ ಕ್ಲಾಸ್ ಟಿಕೆಟ್ ಪಡೆಯುವುದು ಲಾಭವೋ? (ಓದುಗರು, ಹುಬ್ಬಳ್ಳಿ)

ಉತ್ತರ: ಪೂರ್ತಿ ಟಿಕೆಟ್ಟಿಗೆ ಹೆಚ್ಚು ಮೈಲ್ಸ್ ಬೇಕು, ಅಪ್‌ಗ್ರೇಡಿಗೆ ಕಡಿಮೆ ಸಾಕು, ಆದ್ದರಿಂದ ಅಪ್‌ಗ್ರೇಡೇ ಮಿತವ್ಯಯದ ದಾರಿ ಎಂದು ಬಹಳ ಜನ ನಂಬಿದ್ದಾರೆ. ನನ್ನ ಅನುಭವದಲ್ಲಿ ಅನೇಕ ಸಲ ಇದು ತಿರುಗುಮುರುಗಾಗುತ್ತದೆ. ಕಾರಣ ಮತ್ತೆ ಆ ಅಕ್ಷರವೇ. ಅಪ್‌ಗ್ರೇಡಿಗೆ ಅರ್ಹವಾದ ಎಕಾನಮಿ ಟಿಕೆಟ್ಟಿಗೆ ಅತಿ ಅಗ್ಗದ ಟಿಕೆಟ್ಟಿಗಿಂತ ಹೆಚ್ಚು ಹಣ ತೆರಬೇಕಾಗುತ್ತದೆ. ಆ ಹೆಚ್ಚುವರಿಯನ್ನು ನಾವು ಅಪ್‌ಗ್ರೇಡಿನ ಖರ್ಚಿಗೆ ಸೇರಿಸುವುದೇ ಇಲ್ಲ.

ಲೆಕ್ಕದ ಬಗೆ ತಿಳಿಯಲೆಂದು ಕೆಲವು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಹೋಗಿಬರುವ ಅತಿ ಅಗ್ಗದ ಎಕಾನಮಿ ಟಿಕೆಟ್ 60,000 ರೂಪಾಯಿ, ಅಪ್‌ಗ್ರೇಡಿಗೆ ಅರ್ಹವಾದ ಟಿಕೆಟ್ 85,000 ರೂಪಾಯಿ ಎಂದಿರಲಿ. ಅಪ್‌ಗ್ರೇಡಿಗೆ 60,000 ಮೈಲ್ಸ್ ಮತ್ತು ಹೆಚ್ಚುವರಿ ತೆರಿಗೆಯೆಂದು 15,000 ರೂಪಾಯಿ ಬೇಕು. ಅಂದರೆ ನಿಮ್ಮ ಕೈಯಿಂದ ಒಟ್ಟು ಒಂದು ಲಕ್ಷ ರೂಪಾಯಿ ಮತ್ತು 60,000 ಮೈಲ್ಸ್ ಹೋಯಿತು. ಅದೇ ಪ್ರಯಾಣಕ್ಕೆ ಪೂರ್ತಿ ಬಿಸಿನೆಸ್ ಕ್ಲಾಸ್ ಟಿಕೆಟ್ 1,20,000 ಮೈಲ್ಸಿಗೆ ಸಿಕ್ಕಿ, ತೆರಿಗೆ ಮತ್ತು ಸರ್‌ಚಾರ್ಜ್ ಸೇರಿ 50,000 ರೂಪಾಯಿ ಆಗುವುದಾದರೆ, ಇನ್ನೂ 60,000 ಮೈಲ್ಸ್ ಕೊಟ್ಟು ನೀವು 50,000 ರೂಪಾಯಿ ಉಳಿಸಿದಂತಾಯಿತು. ಒಂದು ಮೈಲಿಗೆ ಸುಮಾರು 83 ಪೈಸೆ ಬಂತು. ನಿಮ್ಮ ಮೈಲ್ಸಿಗೆ ಬೇರೆ ಕಡೆ ಇದಕ್ಕಿಂತ ಹೆಚ್ಚು ಬೆಲೆ ಸಿಗುವುದಾದರೆ ಅಪ್‌ಗ್ರೇಡ್ ಮಾಡಿಸಿ, ಇಲ್ಲವಾದರೆ ಪೂರ್ತಿ ಟಿಕೆಟ್ ತೆಗೆದುಕೊಳ್ಳಿ. ಈ ಲೆಕ್ಕದಲ್ಲಿ ಬಿಸಿನೆಸ್ ಕ್ಲಾಸಿನ ಮಾರಾಟ ದರವನ್ನು ನಾನು ಬೇಕೆಂದೇ ಸೇರಿಸಿಲ್ಲ. ಎರಡು ಲಕ್ಷ ಕೊಟ್ಟು ಎಂದೂ ಕೊಳ್ಳದವರು ಎರಡು ಲಕ್ಷ ಉಳಿಸಿದೆವೆಂದು ಬರೆದಿಟ್ಟುಕೊಂಡರೆ, ಪ್ರತಿಯೊಂದು ಅಪ್‌ಗ್ರೇಡೂ ಲಾಭವಾಗಿಯೇ ಕಾಣುತ್ತದೆ.

ಹಣದ ಲೆಕ್ಕದಾಚೆಗೂ ವ್ಯತ್ಯಾಸಗಳಿವೆ. ಮೈಲ್ಸಿನಿಂದ ಪಡೆದ ಪೂರ್ತಿ ಟಿಕೆಟ್ಟನ್ನು ಸಾಮಾನ್ಯವಾಗಿ ಒಂದು ಶುಲ್ಕ ಕಟ್ಟಿ ರದ್ದು ಮಾಡಿದರೆ ಮೈಲ್ಸ್ ಖಾತೆಗೆ ಮರಳುತ್ತವೆ. ಅಪ್‌ಗ್ರೇಡ್ ಮಾಡಿದ ಟಿಕೆಟ್ ಹಾಗಲ್ಲ. ಮೂಲ ಎಕಾನಮಿ ದರದ ಷರತ್ತುಗಳೇ ಅದರ ಬೆನ್ನಿಗಿರುತ್ತವೆ. ಇದಕ್ಕೆ ಪ್ರತಿಯಾಗಿ, ಅಪ್‌ಗ್ರೇಡ್ ಮಾಡಿದ ಟಿಕೆಟ್ಟಿಗೆ ಮೂಲ ದರದ ಪ್ರಕಾರ ಹೊಸ ಮೈಲ್ಸ್ ಬರುತ್ತವೆ, ಪೂರ್ತಿ ಮೈಲ್ಸ್ ಟಿಕೆಟ್ಟಿಗೆ ಸಾಮಾನ್ಯವಾಗಿ ಬರುವುದಿಲ್ಲ.

ತೆರಿಗೆಯ ಬಗ್ಗೆ ಒಂದು ಮಾತು. ಬ್ರಿಟನ್ನಿನಿಂದ ಹೊರಡುವ ಪ್ರಯಾಣಿಕರ ಮೇಲೆ ಅಲ್ಲಿನ ಸರ್ಕಾರ ಏರ್ ಪ್ಯಾಸೆಂಜರ್ ಡ್ಯೂಟಿ ಎಂಬ ತೆರಿಗೆ ಹಾಕುತ್ತದೆ. ಭಾರತದಷ್ಟು ದೂರಕ್ಕೆ 2026ರ ಏಪ್ರಿಲ್‌ನಿಂದ ಇದು ಎಕಾನಮಿಗೆ 102 ಪೌಂಡ್, ಅದಕ್ಕಿಂತ ಮೇಲಿನ ಕ್ಲಾಸುಗಳಿಗೆ 244 ಪೌಂಡ್. ಪ್ರೀಮಿಯಂ ಎಕಾನಮಿಗೂ ದೊಡ್ಡ ದರವೇ ಅನ್ವಯಿಸುತ್ತದೆ. ಮೈಲ್ಸ್ ಕೊಟ್ಟು ಏರಿದವರಿಗೂ ವಿನಾಯಿತಿಯಿಲ್ಲ. ಲಂಡನ್ನಿನಲ್ಲಿ ವಿಮಾನ ಬದಲಿಸಿ 24 ಗಂಟೆಯೊಳಗೆ ಒಂದೇ ಟಿಕೆಟ್ಟಿನಲ್ಲಿ ಮುಂದೆ ಸಾಗುವವರಿಗೆ ಅಲ್ಲಿ ಈ ತೆರಿಗೆ ಬೀಳುವುದಿಲ್ಲ. ನಮ್ಮಲ್ಲಿಯೂ ಎಕಾನಮಿ ಟಿಕೆಟ್ಟಿನ ಜಿಎಸ್‌ಟಿ ಶೇಕಡಾ 5ರಲ್ಲೇ ಇದ್ದು, ಮೇಲಿನ ಕ್ಲಾಸುಗಳದ್ದು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 18ಕ್ಕೆ ಏರಿದೆ.

ಪ್ರಶ್ನೆ: ನನ್ನ ಬ್ಯಾಂಕಿನ ಕಾರ್ಡಿನಲ್ಲಿ ತುಂಬ ಪಾಯಿಂಟ್‌ಗಳಿವೆ. ಮುಂದಿನ ವರ್ಷ ಯುರೋಪಿಗೆ ಹೋಗುವ ಯೋಚನೆಯಿದೆ. ಈಗಲೇ ಯಾವುದಾದರೂ ಒಂದು ಸಂಸ್ಥೆಗೆ ವರ್ಗಾಯಿಸಿಡುವುದು ಒಳ್ಳೆಯದೇ? (ಓದುಗರು, ಬೆಂಗಳೂರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬ್ಯಾಂಕಿನಿಂದ ವಿಮಾನಯಾನ ಸಂಸ್ಥೆಗೆ ಹೋದ ಪಾಯಿಂಟ್‌ಗಳು ಮತ್ತೆ ಬ್ಯಾಂಕಿಗೆ ಬರುವುದಿಲ್ಲ. ಬ್ಯಾಂಕಿನಲ್ಲಿರುವವರೆಗೆ ಅವು ಹತ್ತು ಬಾಗಿಲುಗಳಿಗೆ ಹೊಂದುವ ಕೀಲಿ. ವರ್ಗಾಯಿಸಿದ ಮರುಕ್ಷಣ ಒಂದೇ ಬಾಗಿಲಿನದ್ದಾಗುತ್ತವೆ. ಮೊದಲು ಪ್ರಯಾಣದ ದಿನಾಂಕಗಳನ್ನು ಹುಡುಕಿ, ಮೈಲ್ಸಿಗೆ ಬಿಟ್ಟ ಸೀಟು ಇರುವುದನ್ನು ಕಣ್ಣಾರೆ ಕಂಡು, ಬೇಕಾದಷ್ಟನ್ನು ಮಾತ್ರ ವರ್ಗಾಯಿಸಿ. ಕೆಲವು ವರ್ಗಾವಣೆಗಳಿಗೆ ಹಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಸೀಟು ಹೋಗಿಬಿಡಬಹುದು ಎಂಬ ಆತಂಕ ನಿಜ. ಆದ್ದರಿಂದ ನಿಮ್ಮ ಬ್ಯಾಂಕಿನಿಂದ ಯಾವ ಸಂಸ್ಥೆಗೆ ಎಷ್ಟು ಬೇಗ ಹೋಗುತ್ತದೆ ಎಂಬುದನ್ನು ಮೊದಲೇ ಸಣ್ಣ ಮೊತ್ತದಲ್ಲಿ ಪರೀಕ್ಷಿಸಿಟ್ಟುಕೊಳ್ಳುವುದು ಜಾಣತನ.

ಕಾದಿಡುವುದರಲ್ಲಿ ಎರಡು ಅಪಾಯಗಳಿವೆ. ಒಂದು, ಅವಧಿ ಮುಗಿಯುವುದು. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ ಮೂರು ವರ್ಷಕ್ಕೆ ಮುಗಿಯುತ್ತವೆ. ಏವಿಯೋಸ್ ಪಾಯಿಂಟ್‌ಗಳು ಖಾತೆಯಲ್ಲಿ 36 ತಿಂಗಳು ಯಾವ ಚಟುವಟಿಕೆಯೂ ನಡೆಯದಿದ್ದರೆ ಹೋಗುತ್ತವೆ. ಇನ್ನೊಂದು, ಬೆಲೆ ಇಳಿಯುವುದು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇಂಥ ಯೋಜನೆಯನ್ನು ಆರಂಭಿಸಿದಾಗ ಹಾರಿದ ದೂರಕ್ಕೆ ತಕ್ಕಂತೆ ಮೈಲ್ಸ್ ಸಿಗುತ್ತಿತ್ತು, ಅದರಿಂದಲೇ ಆ ಹೆಸರು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳು ಟಿಕೆಟ್ಟಿಗೆ ಕೊಟ್ಟ ಹಣದ ಮೇಲೆ ಎಣಿಸತೊಡಗಿದವು. ಏರ್ ಇಂಡಿಯಾ ಕೂಡ 2024ರಲ್ಲಿ ಅದೇ ದಾರಿ ಹಿಡಿಯಿತು. ಮೈಲ್ಸ್ ಖರ್ಚು ಮಾಡುವ ಕಡೆಯಲ್ಲಿಯೂ, ಯಾವ ಪ್ರಯಾಣಕ್ಕೆ ಎಷ್ಟು ಮೈಲ್ಸ್ ಎಂಬ ನಿಗದಿತ ಪಟ್ಟಿಗಳು ಒಂದೊಂದಾಗಿ ಮಾಯವಾಗಿ, ದಿನಕ್ಕೊಂದು ಬೆಲೆ ತೋರಿಸುವ ಪದ್ಧತಿ ಬರುತ್ತಿದೆ. ಲುಫ್ತಾನ್ಸಾ ಗುಂಪಿನ ಮೈಲ್ಸ್ ಅಂಡ್ ಮೋರ್ ಯೋಜನೆ 2025ರ ಜೂನ್‌ನಲ್ಲಿ ತನ್ನ ಸ್ವಂತ ವಿಮಾನಗಳಿಗೆ ಇದನ್ನು ತಂದಿತು. ಮೈಲ್ಸ್ ಎಂಬುದು ಬಡ್ಡಿ ಬರುವ ಠೇವಣಿಯಲ್ಲ. ಅದರ ಬೆಲೆಯನ್ನು ಗೊತ್ತುಮಾಡುವವರು ಅದನ್ನು ಕೊಟ್ಟವರೇ.

ಯಾವ ಸಂಸ್ಥೆಯನ್ನು ಆರಿಸಬೇಕು ಎಂಬುದಕ್ಕೆ ನನ್ನ ಸಲಹೆ ಸರಳವಾಗಿದೆ. ಅಪ್‌ಗ್ರೇಡೇ ಗುರಿಯಾದರೆ, ನೀವು ಹತ್ತುವ ವಿಮಾನ ಯಾರದ್ದೋ, ಟಿಕೆಟ್ ಕೊಟ್ಟವರು ಯಾರೋ, ಮೈಲ್ಸ್ ಯಾರದ್ದೋ, ಮೂರೂ ಒಬ್ಬರದ್ದೇ ಆಗಿರಲಿ. ವಿಮಾನಯಾನ ಸಂಸ್ಥೆಗಳ ಒಕ್ಕೂಟದ ಹೆಸರನ್ನು ನಂಬಿ ಕೆಟ್ಟವರು ಬಹಳ. 1997ರಲ್ಲಿ ಐದು ಸಂಸ್ಥೆಗಳು ಕೂಡಿ ಕಟ್ಟಿದ ಸ್ಟಾರ್ ಅಲಯನ್ಸ್‌ಗೆ ಏರ್ ಇಂಡಿಯಾ 2014ರ ಜುಲೈನಲ್ಲಿ ಸೇರಿತು. ಹಾಗೆಂದು ಒಂದು ಸದಸ್ಯ ಸಂಸ್ಥೆಯ ಮೈಲ್ಸಿನಿಂದ ಇನ್ನೊಂದರ ಅಗ್ಗದ ಟಿಕೆಟ್ಟನ್ನು ಅಪ್‌ಗ್ರೇಡ್ ಮಾಡಿಸಬಹುದು ಎಂದುಕೊಂಡರೆ ನಿರಾಸೆ ಖಚಿತ. ಆ ಸೌಲಭ್ಯ ಸಾಮಾನ್ಯವಾಗಿ ಪೂರ್ಣ ದರದ, ಇಲ್ಲವೇ ಅದರ ಹತ್ತಿರದ ದರದ ಟಿಕೆಟ್ಟುಗಳಿಗೆ ಮಾತ್ರ. ಒಂದು ಸಂಸ್ಥೆಯ ಹೆಸರಿನಲ್ಲಿ ಮಾರಿ ಇನ್ನೊಂದು ಸಂಸ್ಥೆ ಹಾರಿಸುವ ಕೋಡ್‌ಶೇರ್ ವಿಮಾನಗಳಲ್ಲಂತೂ ಬಹುತೇಕ ಇಲ್ಲವೆಂದೇ ತಿಳಿಯಿರಿ. ಟಿಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಇಂಥವರಿಂದ ನಿರ್ವಹಣೆ’ ಎಂದು ಬರೆದಿರುವುದನ್ನು ನೋಡಿಯೇ ಹಣ ಕಟ್ಟಿ. ಅದೇ ಒಕ್ಕೂಟದ ಇನ್ನೊಂದು ಸಂಸ್ಥೆಯ ಪಾಯಿಂಟ್‌ಗಳಿಂದ ಪೂರ್ತಿ ಟಿಕೆಟ್ ಪಡೆಯುವುದಕ್ಕೆ ಇಷ್ಟೊಂದು ಅಡ್ಡಿಗಳಿಲ್ಲ, ಅಲ್ಲಿ ಮೈತ್ರಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ನಾನು ಮತ್ತು ನಮ್ಮ ಯಜಮಾನರು ಅಮೆರಿಕಕ್ಕೆ ಹೊರಟಿದ್ದೇವೆ. ನನಗೆ ಮಂಡಿನೋವು, ಕಾಲು ಊದಿಕೊಳ್ಳುತ್ತದೆ. ಮಗಳು ತನ್ನ ಮೈಲ್ಸಿನಿಂದ ನಮ್ಮ ಟಿಕೆಟ್ಟನ್ನು ಬಿಸಿನೆಸ್ ಕ್ಲಾಸಿಗೆ ಮಾಡಿಸುತ್ತೇನೆ ಎನ್ನುತ್ತಾಳೆ. ಅವಳ ಮೈಲ್ಸ್ ನಮಗೆ ನಡೆಯುತ್ತದೆಯೇ? ಇಬ್ಬರಿಗೂ ಸಾಲದಿದ್ದರೆ ಏನು ಮಾಡುವುದು? (ಓದುಗರು, ಶಿವಮೊಗ್ಗ)

ಉತ್ತರ: ನಡೆಯುತ್ತದೆ, ತಾಯಿ. ಹೆಚ್ಚಿನ ಯೋಜನೆಗಳಲ್ಲಿ ಖಾತೆದಾರರು ತಮ್ಮ ಮೈಲ್ಸನ್ನು ಬೇರೆಯವರ ಪ್ರಯಾಣಕ್ಕೆ ಬಳಸಬಹುದು. ಕೆಲವು ಸಂಸ್ಥೆಗಳಲ್ಲಿ ಅದಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು; ಕ್ರಿಸ್‌ಫ್ಲೈಯರ್‌ನಲ್ಲಿ ಹೀಗೆ ಐದು ಜನರನ್ನು ನಾಮನಿರ್ದೇಶನ ಮಾಡಲು ಅವಕಾಶವಿದೆ. ಅಮೆರಿಕದ ಯುನೈಟೆಡ್ ಮತ್ತು ಡೆಲ್ಟಾ ಸಂಸ್ಥೆಗಳ ಮೈಲ್ಸಿಗೆ ಅವಧಿ ಮುಗಿಯುವ ಭಯವಿಲ್ಲ, ಆದ್ದರಿಂದ ಮಗಳ ಖಾತೆ ಅಲ್ಲಿದ್ದರೆ ಅವಸರ ಬೇಡ. ಆದರೆ ಅಲ್ಲಿನ ಕೆಲವು ಸಂಸ್ಥೆಗಳು ಅಗ್ಗದ ಟಿಕೆಟ್ಟನ್ನು ಅಪ್‌ಗ್ರೇಡ್ ಮಾಡುವಾಗ ಮೈಲ್ಸ್ ಜೊತೆಗೆ ಗಣನೀಯ ನಗದನ್ನೂ ಕೇಳುತ್ತವೆ. ಮಗಳು ಮೈಲ್ಸನ್ನಷ್ಟೇ ಎಣಿಸಿರಬಹುದು, ಇದನ್ನೂ ವಿಚಾರಿಸಲಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಹೆಚ್ಚು ಎಚ್ಚರ ವಹಿಸಬೇಕು. ಊರಿನ ಹೆಸರು, ತಂದೆಯ ಹೆಸರು ಇನಿಶಿಯಲ್ ಆಗಿ ಬರುವ ಪದ್ಧತಿ ನಮ್ಮದು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಿರುತ್ತದೆ, ಆಧಾರಿನಲ್ಲಿ ಬೇರೆ, ಮೈಲ್ಸ್ ಖಾತೆಯಲ್ಲಿ ಇನ್ನೊಂದು. ಟಿಕೆಟ್, ಮೈಲ್ಸ್ ಖಾತೆ, ನಾಮನಿರ್ದೇಶನ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಇರಲಿ. ಹೆಸರು ತಾಳೆಯಾಗದೆ ಕೊನೆಯ ಗಳಿಗೆಯಲ್ಲಿ ಅಪ್‌ಗ್ರೇಡ್ ನಿಂತುಹೋದ ಪತ್ರಗಳು ನನಗೆ ಬರುತ್ತಲೇ ಇವೆ.

ಇಬ್ಬರಿಗೂ ಸಾಲದಿದ್ದರೆ ಇಡೀ ಪ್ರಯಾಣಕ್ಕೆ ಒಬ್ಬರಿಗೆ ಮಾಡಿಸುವ ಬದಲು, ಒಂದು ಹಾರಾಟಕ್ಕೆ ಇಬ್ಬರಿಗೂ ಮಾಡಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಬೆಂಗಳೂರಿನಿಂದ ದುಬೈ ಅಥವಾ ದೋಹಾ ಮೂಲಕ ಹೋಗುವಾಗ ಒಂದು ಹಾರಾಟ ಚಿಕ್ಕದು, ಇನ್ನೊಂದು ದೊಡ್ಡದು. ದೊಡ್ಡದಕ್ಕೆ, ಅದರಲ್ಲೂ ರಾತ್ರಿ ಕಳೆಯಬೇಕಾದುದಕ್ಕೆ ಮೈಲ್ಸ್ ಖರ್ಚು ಮಾಡಿ. ನಾಲ್ಕು ಗಂಟೆಯ ಹಾರಾಟದಲ್ಲಿ ಊಟ ಮುಗಿಸಿ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಆದರೂ ಒಬ್ಬರಿಗೆ ಮಾತ್ರ ಸಾಧ್ಯವಾಗುವುದಾದರೆ ಅದು ನಿಮಗೇ ಇರಲಿ. ಅವರನ್ನು ಹಿಂದೆ ಬಿಟ್ಟು ನಾನೊಬ್ಬಳೇ ಮುಂದೆ ಹೋಗಿ ಮಲಗುವುದೇ ಎಂಬ ಸಂಕೋಚ ನಮ್ಮ ಮನೆಗಳ ತಾಯಂದಿರಿಗೆ ಇರುತ್ತದೆ. ಹೋಗಿ ಇಳಿದ ಮೇಲೆ ತಿಂಗಳುಗಟ್ಟಲೆ ಎಣ್ಣೆನೀರು, ಪಥ್ಯ, ರಾತ್ರಿಯ ನಿದ್ದೆಗೇಡು ಎಲ್ಲವೂ ಇರುವುದು ನಿಮ್ಮ ಪಾಲಿಗೆ ಎಂಬುದನ್ನು ನೆನೆದು ಆ ಸಂಕೋಚವನ್ನು ಬಿಡಿ.

ಸೀಟು ಯಾವ ಬಗೆಯದ್ದು ಎಂದೂ ನೋಡಿಕೊಳ್ಳಬೇಕು. ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಚಪ್ಪಟೆಯಾಗಿ ಹಾಸಿಗೆಯಾಗುವ ಸೀಟನ್ನು ಬ್ರಿಟಿಷ್ ಏರ್‌ವೇಸ್ 2000ದಲ್ಲಿ ತಂದ ಮೇಲೆ ಇತರರೂ ಅದನ್ನು ಅನುಸರಿಸಿದರು. ಆದರೂ ಹಳೆಯ ವಿಮಾನಗಳಲ್ಲಿ ಎರಡು–ಮೂರು–ಎರಡು ಎಂದು ಒತ್ತಾಗಿ ಜೋಡಿಸಿದ ಸಾಲುಗಳು ಇವೆ. ಮಂಡಿನೋವಿನವರು ಕಿಟಕಿ ಬದಿಯಿಂದ ಪಕ್ಕದವರನ್ನು ದಾಟಿ ಬರಬೇಕಾದರೆ ಹಾಸಿಗೆಯ ಸುಖ ಅರ್ಧ ಹೋಯಿತು. ಓಣಿ ಬದಿಯ ಸೀಟು ಕೇಳಿ.

ಕಾಲು ಊತದ ಬಗ್ಗೆ ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕಾಣಲೇಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕುಳಿತು ಪ್ರಯಾಣಿಸಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತು. ಅದಕ್ಕೆ ಮುಖ್ಯ ಕಾರಣ ಅಲುಗಾಡದಿರುವುದೇ ಆದ್ದರಿಂದ ಬಿಸಿನೆಸ್ ಕ್ಲಾಸಿನವರೂ ಎದ್ದು ಓಡಾಡಬೇಕು, ಪಾದಗಳನ್ನು ಆಡಿಸುತ್ತಿರಬೇಕು. ಇನ್ನು ವೀಲ್‌ಚೇರ್ ನೆರವು ಎಕಾನಮಿಯವರಿಗೂ ಹಕ್ಕಿನಿಂದ, ಉಚಿತವಾಗಿ ಸಿಗುತ್ತದೆ. ಟಿಕೆಟ್ ಮಾಡಿಸುವಾಗಲೇ, ತಪ್ಪಿದರೆ ಪ್ರಯಾಣಕ್ಕೆ ಎರಡು ದಿನ ಮೊದಲಾದರೂ ಕೇಳಿ ದಾಖಲಿಸಿ. ಅಪ್‌ಗ್ರೇಡ್ ಆದ ಮೇಲೆ ಆ ಕೋರಿಕೆ ಮತ್ತು ಸಸ್ಯಾಹಾರದ ಕೋರಿಕೆ ಎರಡೂ ಹೊಸ ಸೀಟಿಗೆ ಬಂದಿವೆಯೇ ಎಂದು ಇನ್ನೊಮ್ಮೆ ಪರಿಶೀಲಿಸಿ. ಬಂದಿಲ್ಲದಿರುವ ಸಂಭವವೇ ಹೆಚ್ಚು.

ಮೈಲ್ಸ್ ಕಡಿಮೆಬಿದ್ದವೆಂದು ದಲ್ಲಾಳಿಗಳಿಂದ ಕೊಳ್ಳುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಮೈಲ್ಸನ್ನು ಹೀಗೆ ಮಾರುವುದು ಆ ಯೋಜನೆಗಳ ನಿಯಮಕ್ಕೆ ವಿರುದ್ಧ. ಪತ್ತೆಯಾದರೆ ಖಾತೆ ಮುಚ್ಚಿ ಟಿಕೆಟ್ ರದ್ದು ಮಾಡುವ ಅಧಿಕಾರವನ್ನು ಸಂಸ್ಥೆಗಳು ತಮ್ಮಲ್ಲೇ ಇಟ್ಟುಕೊಂಡಿರುತ್ತವೆ.

ಪ್ರಶ್ನೆ: ಚೆನ್ನಾಗಿ ಉಡುಪು ಧರಿಸಿ, ಬೇಗ ಹೋಗಿ, ಕೌಂಟರಿನಲ್ಲಿ ವಿನಯದಿಂದ ಕೇಳಿದರೆ ಉಚಿತವಾಗಿ ಅಪ್‌ಗ್ರೇಡ್ ಮಾಡುತ್ತಾರಂತೆ, ಹೌದೇ? (ಓದುಗರು, ತುಮಕೂರು)

ಉತ್ತರ: ವಿನಯ ಎಲ್ಲಿಯೂ ಒಳ್ಳೆಯದು, ಆದರೆ ಅದರಿಂದ ಸೀಟು ಸಿಗುವುದಿಲ್ಲ. ಎಕಾನಮಿಯಲ್ಲಿ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಾಟವಾದಾಗ ಕೆಲವರನ್ನು ಮುಂದಿನ ಕ್ಯಾಬಿನ್ನಿಗೆ ಏರಿಸುವುದುಂಟು. ಆಗ ಸಾಮಾನ್ಯವಾಗಿ ಮೊದಲು ನೋಡುವುದು ಪದೇ ಪದೇ ಹಾರಿ ಗಳಿಸಿದ ಸದಸ್ಯತ್ವದ ದರ್ಜೆಯನ್ನು, ಆಮೇಲೆ ಟಿಕೆಟ್ಟಿನ ಅದೇ ಅಕ್ಷರವನ್ನು.

ಪ್ರಶ್ನೆ: ಮೈಲ್ಸ್ ಕೊಟ್ಟು ಬಿಸಿನೆಸ್ ಕ್ಲಾಸ್ ಖಚಿತಪಡಿಸಿಕೊಂಡಿದ್ದೆ. ವಿಮಾನ ಹತ್ತುವಾಗ ಸೀಟು ಕೆಟ್ಟಿದೆ ಎಂದು ಹೇಳಿ ಎಕಾನಮಿಗೆ ಕಳಿಸಿದರು. ಮೈಲ್ಸ್ ಇನ್ನೂ ಮರಳಿಲ್ಲ. ಏನು ಕೇಳಬಹುದು? (ಓದುಗರು, ಧಾರವಾಡ)

ಉತ್ತರ: ಮೊದಲು ಕೇಳಬೇಕಾದದ್ದು ಮೈಲ್ಸ್ ಮತ್ತು ಅಪ್‌ಗ್ರೇಡಿಗೆಂದು ಕಟ್ಟಿದ ಹೆಚ್ಚುವರಿ ತೆರಿಗೆ, ಎರಡನ್ನೂ ಪೂರ್ತಿಯಾಗಿ. ಪಡೆಯದ ಸೇವೆಗೆ ಅವುಗಳನ್ನು ಇಟ್ಟುಕೊಳ್ಳುವ ನ್ಯಾಯ ಯಾರಿಗೂ ಇಲ್ಲ. ಮೈಲ್ಸ್ ಮರಳಿಸಿ ತೆರಿಗೆಯನ್ನು ಮರೆಯುವುದು ಸಾಮಾನ್ಯ, ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಿ ಬರೆಯಿರಿ.

ಅದರಾಚೆಗೆ ಪರಿಹಾರವೂ ಉಂಟೇ ಎಂಬುದು ನೀವು ಎಲ್ಲಿಂದ, ಯಾರ ವಿಮಾನ ಹತ್ತಿದಿರಿ ಎಂಬುದನ್ನು ಅವಲಂಬಿಸಿದೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿದೆ. ಪ್ರಯಾಣಿಕರ ಒಪ್ಪಿಗೆಯಿಲ್ಲದೆ ಕೆಳಗಿನ ಕ್ಲಾಸಿಗೆ ಇಳಿಸಿದರೆ, ಅಂತರರಾಷ್ಟ್ರೀಯ ಹಾರಾಟದಲ್ಲಿ ತೆರಿಗೆ ಸೇರಿದ ಟಿಕೆಟ್ ವೆಚ್ಚದಲ್ಲಿ 1,500 ಕಿಲೋಮೀಟರ್‌ವರೆಗೆ ಶೇಕಡಾ 30, 3,500ರವರೆಗೆ 50, ಅದಕ್ಕಿಂತ ದೂರವಾದರೆ 75ರಷ್ಟನ್ನು ಮರಳಿಸಬೇಕೆಂದು ಅದು ಹೇಳುತ್ತದೆ. ಯುರೋಪಿಯನ್ ಒಕ್ಕೂಟದ 2004ರ ನಿಯಮವೂ ಇಂಥದ್ದೇ ಪ್ರಮಾಣಗಳನ್ನು ಇಟ್ಟಿದೆ. ಅಲ್ಲಿಂದ ಹೊರಡುವ ಎಲ್ಲ ವಿಮಾನಗಳಿಗೂ, ಹೊರಗಿನಿಂದ ಅಲ್ಲಿಗೆ ಬರುವ ಒಕ್ಕೂಟದ ಸಂಸ್ಥೆಗಳ ವಿಮಾನಗಳಿಗೂ ಅದು ಅನ್ವಯಿಸುತ್ತದೆ. ನಿಮಗೆ ಮುಖ್ಯವಾದ ಅಂಶವೆಂದರೆ, ಮೈಲ್ಸ್ ಯೋಜನೆಗಳಡಿ ಕೊಟ್ಟ ಟಿಕೆಟ್ಟುಗಳನ್ನೂ ಆ ನಿಯಮ ಸ್ಪಷ್ಟವಾಗಿ ತನ್ನೊಳಗೆ ಸೇರಿಸಿಕೊಂಡಿದೆ. ಆದರೆ ಮರುಪಾವತಿಯನ್ನು ಇಡೀ ಟಿಕೆಟ್ಟಿನ ಮೇಲೆ ಎಣಿಸದೆ, ಕೆಳಗಿಳಿಸಿದ ಆ ಒಂದು ಹಾರಾಟದ ದರದ ಮೇಲೆ ಮಾತ್ರ, ತೆರಿಗೆಯನ್ನು ಬಿಟ್ಟು ಎಣಿಸಬೇಕೆಂದು ಯುರೋಪಿಯನ್ ನ್ಯಾಯಾಲಯ 2016ರಲ್ಲಿ ತೀರ್ಪು ಕೊಟ್ಟಿದೆ.

ಬಿಸಿನೆಸ್ ಕ್ಲಾಸಿನ ಖಚಿತ ಸೀಟು ತೋರಿಸುವ ಇಮೇಲ್, ಎಕಾನಮಿಯ ಬೋರ್ಡಿಂಗ್ ಪಾಸ್, ಮೈಲ್ಸ್ ಕಡಿತವಾದ ದಿನಾಂಕವಿರುವ ಖಾತೆಯ ಪುಟ, ಈ ಮೂರನ್ನೂ ಲಗತ್ತಿಸಿ ಸಂಸ್ಥೆಯ ದೂರು ವಿಭಾಗಕ್ಕೆ ಬರೆಯಿರಿ, ದೂರಿನ ಸಂಖ್ಯೆ ಪಡೆಯಿರಿ. ಉತ್ತರ ಬಾರದಿದ್ದರೆ ಅದೇ ಕಾಗದಗಳೊಂದಿಗೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಬೋರ್ಡಿಂಗ್ ಪಾಸನ್ನು ವಿಮಾನದಲ್ಲೇ ಬಿಟ್ಟು ಬಂದಿದ್ದರೆ, ಆ ದಿನ ಪ್ರಯಾಣಿಸಿದ ಕ್ಲಾಸನ್ನು ನಮೂದಿಸಿದ ಪ್ರಯಾಣ ಪ್ರಮಾಣಪತ್ರವನ್ನು ಸಂಸ್ಥೆಯಿಂದಲೇ ಕೇಳಿ ಪಡೆಯಿರಿ.